ನನ್ನ ಗ್ಯಾರೇಜಿನಲ್ಲಿ ಮಾತ್ರ ಸ್ಟಾರ್ಟ್ ಆಗುವ ಟ್ರಕ್ಕು

ಜನವರಿ ೧೭, ಶುಕ್ರವಾರ. ಮೈನಸ್ ಮೂವತ್ತು ಡಿಗ್ರಿ ಚಳಿ.

ನನ್ನ ಹಳೇ ಗಿರಾಕಿ ಆರ್ವಿಲ್ಲನ ಟ್ರಕ್ಕು ಇವತ್ತೂ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವಂತೆ. ಹೊಸ ಬ್ಯಾಟರಿ ಹಾಕಿದ್ದೆ, ಸ್ಟಾರ್ಟರ್ ಬಿಚ್ಚಿ ನೋಡಿದ್ದೆ. ನನ್ನ ಬೆಚ್ಚಗಿನ ಗ್ಯಾರೇಜಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ದರಿದ್ರದ್ದು!

"ನಿನ್ನ ಹತ್ರ ಅತ್ತೆ ಮನೆಗೆ ಬಂದ ಅಳಿಯನ ಥರ ಸಾಧುವಾಗಿ ಇರುತ್ತೆ ಕಣಯ್ಯಾ" ಅಂದ. ಮೈ ಉರಿದು ಅವನ ಮನೆಗೇ ಹೋದೆ. ಎಲ್ಲರ ಹಾಗೆ ಅವನೂ ಇಂಜಿನ್ ಚಳಿಗೆ ಹೆಪ್ಪುಗಟ್ಟದಿರಲಿ ಅಂತ ರಾತ್ರಿಯಿಡೀ ಅದರ ಹೀಟರಿನ ವೈರನ್ನು ಹೊರಗೋಡೆಯ ಪ್ಲಗ್ಗಿಗೆ ಸಿಕ್ಕಿಸಿರುತ್ತಾನೆ. ಟೆಸ್ಟರ್ ಇಟ್ಟು ನೋಡಿದರೆ ಕರೆಂಟೇ ಇಲ್ಲ. ಈ ಪ್ಲಗ್ಗಿನ ಸ್ವಿಚ್ ಎಲ್ಲಿದೆ ಅಂತ ಕೂಗಿ ಕೇಳಿದೆ.

ಒಳಗಿಂದ ಅವನ ಹೆಂಡತಿ ಇರ್ಮಾ, "ಅದರ ಸ್ವಿಚ್ಚಾ? ದಿನಾ ಮಲಗೋವಾಗ ನಾನೇ ಆರಿಸ್ತೀನಲ್ಲ!" ಅಂತ ಸ್ವಿಚ್ ಒತ್ತಿದಳು. ಟೆಸ್ಟರಿನ ದೀಪ ಹೊತ್ತಿಕೊಂಡಿತು.

ಆರ್ವಿಲ್ ನನ್ನ ಬೆನ್ನು ತಟ್ಟಿದ. "ಬೇಜಾರ್ ಮಾಡ್ಕೋಬೇಡ. ನಿನ್ ಕೈಲಿ ಆಗದ್ದನ್ನ ನನ್ ಹೆಂಡ್ತಿ ರಿಪೇರಿ ಮಾಡಿದ್ಲು, ಅಷ್ಟೇ."

ಭಾನುವಾರ ಚರ್ಚಿನಲ್ಲಿ ಇದನ್ನೇ ಊರಿಗೆಲ್ಲ ಹೇಳುತ್ತಾನೆ. ಈ ವಾರ ನಾನು ಚರ್ಚಿಗೇ ಹೋಗಲ್ಲ.