ಯಂತ್ರದ ಕಣ್ಣಿಗೆ ಅಡ್ಡ ನಿಂತ ಅಧ್ಯಕ್ಷರಿಗೆ

ಆಸ್ಪತ್ರೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ತಮ್ಮೆದುರು ನಿಂತು ಹೇಳಲು ನಾಚಿಕೆ, ಅದಕ್ಕೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಶುಕ್ರವಾರ ನನ್ನ ಅಮ್ಮನ ಬೆನ್ನಿನ ಆಪರೇಷನ್. ದಯವಿಟ್ಟು ತಾವು ಬರಬೇಡಿ.

ಅಮ್ಮ ದಮಯಂತಿ ಕೂಳೂರಿನಲ್ಲಿ ಮೀನು ಮಾರುವವರು. ಬೆನ್ನೆಲುಬಿನ ಒಂದು ಮಣಿ ಜಾರಿ ನರವನ್ನು ಒತ್ತುತ್ತಿದೆ, ಎಡಗಾಲು ಜೋಮು ಹಿಡಿದಿದೆ. ಅಲ್ಲಿಗೆ ಸ್ಕ್ರೂ ಹಾಕಬೇಕು. ಅದು ನರಕ್ಕೆ ತಾಗಿದರೆ ಕಾಲು ಹೋದಂತೆ. ಹೊಸ ಯಂತ್ರ ಬಂದಿರುವುದು ಇದಕ್ಕೇ. ಅದರ ಕ್ಯಾಮರಾ ಬೆನ್ನಿಗೆ ಗುರುತಿಗೆಂದು ಸಿಕ್ಕಿಸಿದ ಹೊಳೆಯುವ ಪುಟ್ಟ ಗುಂಡುಗಳನ್ನೂ ಡಾಕ್ಟರ ಕೈಯ ಸಲಕರಣೆಯನ್ನೂ ನೋಡುತ್ತಾ, ಸಲಕರಣೆಯ ತುದಿ ಎಲುಬಿನಲ್ಲಿ ಎಲ್ಲಿದೆ ಎಂದು ಪರದೆಯಲ್ಲಿ ತೋರಿಸುತ್ತದೆ. ನಡುವೆ ಯಾರೂ ನಿಲ್ಲಬಾರದು. ಪಾಪ, ಅದು ಕೇಳುವುದು ಇಷ್ಟೇ.

ಕಳೆದ ವಾರ ತಾವು ಉದ್ಘಾಟನೆಗೆಂದು ಪರಿವಾರ ಸಮೇತ ಆಪರೇಷನ್ ಕೋಣೆಗೇ ದಯಮಾಡಿಸಿದಿರಿ. ಅಮ್ಮನಿಗೆ ಇನ್ನೂ ಅರಿವಳಿಕೆ ಕೊಟ್ಟಿರಲಿಲ್ಲ. ಮೇಜಿನ ಮೇಲಿಂದ ಎಲ್ಲ ನೋಡಿದ್ದಾರೆ. ಡಾಕ್ಟರ್ ಶರೊನ್ ಪ್ಲಾಸ್ಟಿಕ್ ಎಲುಬಿನ ಮೇಲೆ ಯಂತ್ರದ ಕೆಲಸ ತೋರಿಸುತ್ತಿದ್ದಾಗ ತಾವು ಫೋಟೊಕ್ಕೆಂದು ನಡುವೆ ಬಂದು ನಿಂತಿರಿ. ಪರದೆ ಖಾಲಿ.

“ಇಷ್ಟು ಬೇಗ ಹಾಳಾಯ್ತಾ? ಇದನ್ನು ತರ್ಸಿದ್ದು ಯಾರು?” ಎಂದು ತಾವು ಗುಡುಗಿದಿರಂತೆ.

“ತರ್ಸಿದ್ದು ನೀವೇ ಸರ್. ಹಾಳಾಗ್ಲಿಲ್ಲ, ನೀವು ಅಡ್ಡ ನಿಂತದ್ದು,” ಎಂದರಂತೆ ಡಾಕ್ಟರು.

ಅಮ್ಮನಿಗೆ ತಡೆಯಲಿಲ್ಲ. “ಅಣ್ಣಾ, ಸ್ವಲ್ಪ ಆಚೆ ಹೋಗಿ ಮಾರಾಯ್ರೇ! ಬುಟ್ಟಿಗೂ ಗಿರಾಕಿಗೂ ನಡುವೆ ಹೀಗೆ ನಿಂತ್ರೆ ನಾನು ವ್ಯಾಪಾರ ಮಾಡುದು ಹೇಗೆ?”

ತಾವು ಆಚೆ ಹೋದಿರಿ. ಆದರೆ ಅಷ್ಟು ಚಪ್ಪಲಿ, ಅಷ್ಟು ಹೂವು ಹೊಕ್ಕ ಕೋಣೆಯನ್ನು ಮತ್ತೆ ಶುಚಿ ಮಾಡದೆ ಆಪರೇಷನ್ ಆಗುತ್ತದೆಯೇ? ಮುಂದಕ್ಕೆ ಹೋಯಿತು. ಮರುದಿನದ ಪತ್ರಿಕೆಯಲ್ಲಿ ಮಾತ್ರ ಅದು ಯಶಸ್ವಿ! ಫೋಟೊದಲ್ಲಿ ತಾವು, ತಮ್ಮ ಶಾಲು, ಮೂಲೆಯಲ್ಲಿ ಅಮ್ಮನ ಪಾದ. ನೆರೆಮನೆಯ ಎಸ್ತೆರ್ ಬಾಯಿ ಬಂದು, “ಆಪರೇಷನ್ ಲಾಯ್ಕ ಆಯ್ತಂತಲ್ಲ?” ಎಂದರು.

“ಹೌದು, ಅವರಿಗೆ ಆಯ್ತು. ನನಗೆ ಆಗ್ಬೇಕಷ್ಟೆ,” ಎಂದರು ಅಮ್ಮ.

ಈಗ ತಮ್ಮ ಕಚೇರಿಯಿಂದ ಫೋನ್ ಬಂದಿದೆ. ಆ ಫೋಟೊದಲ್ಲಿ ತಮ್ಮ ಕಣ್ಣು ಮುಚ್ಚಿದೆಯಂತೆ, ಶುಕ್ರವಾರ ಪುನಃ ಬರುತ್ತೀರಂತೆ. ಈ ಸಲ ಯಂತ್ರದ ಮುಂದಿರುವುದು ಪ್ಲಾಸ್ಟಿಕ್ ಎಲುಬಲ್ಲ, ಅಮ್ಮನ ಬೆನ್ನು. ಸ್ಕ್ರೂ ಅರ್ಧ ಇಳಿದಾಗ ಪರದೆ ಖಾಲಿಯಾದರೆ, ಡಾಕ್ಟರು ತಮ್ಮ ಶಾಲು ನೋಡಿ ದಾರಿ ಹುಡುಕಬೇಕೇ?

ಒಳಗೆ ಬರುವುದಿಲ್ಲವೆಂದು ಇಂದೇ ಆಸ್ಪತ್ರೆಗೆ ತಿಳಿಸಿ. ಬಾಗಿಲ ಹೊರಗೆ ಬೇಕಾದಷ್ಟು ಫೋಟೊ ತೆಗೆಸಿಕೊಳ್ಳಿ, ಕಣ್ಣು ತೆರೆದಿದೆಯೇ ಎಂದು ನಾನೇ ನೋಡಿ ಹೇಳುತ್ತೇನೆ.

ನಾವು ತಯಾರಿದ್ದೇವೆ. ಕಳೆದ ಸಲ ಆಪರೇಷನ್ನಿಗೆಂದು ಅಮ್ಮನ ಮೂಗುತಿ ಬಿಚ್ಚುವಾಗ ಬಹಳ ಸತಾಯಿಸಿತ್ತು. ಅದಕ್ಕೆ ಇವತ್ತು ಬೆಳಿಗ್ಗೆಯೇ ಸೋಪು ಹಚ್ಚಿ ತೆಗೆದೆ. ತೂತು ಮುಚ್ಚದಿರಲೆಂದು ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಯ ಚೂರೊಂದನ್ನು ತೊಳೆದು ಸಿಕ್ಕಿಸಿದ್ದೇನೆ.

ಇಂತಿ,
ಇದು ಅಚ್ಚಾದ ದಿನ ಅಮ್ಮನಿಂದ ಬೈಸಿಕೊಳ್ಳಲಿರುವ
ಯಶ್ಮಿತಾ, ಕೂಳೂರು