ಕೈಬಿಟ್ಟ ಮೊದಲ ಹತ್ತು ಓಟಗಳು

ಹೊಸಮಡುವು, ೨೨೧೪ನೆಯ ಇಸವಿ, ಜೂನ್ ಮೂವತ್ತೊಂದು

ಸಂಶೋಧನ ವಿದ್ಯಾರ್ಥಿನಿ ಮೇದಿನಿಯವರಿಗೆ,

ಜೂನ್ ತಿಂಗಳಿಗೆ ಮೂವತ್ತೊಂದನೆಯ ದಿನವಿಲ್ಲವೆಂದು ನೀವು ಹುಬ್ಬೇರಿಸುವಿರಿ. ಪಂಚಾಂಗವನ್ನು ತಿದ್ದಿದ ಮೇಲೆ ನಮಗಿದೆ. ನನ್ನ ಮಾತುಗಳಲ್ಲಿ ಕೆಲವು ಅಪರಿಚಿತವೆನಿಸಿದರೆ ಕ್ಷಮಿಸಿ. ಬೇರೆ ಮಾತುಗಳು ನಮ್ಮಲ್ಲಿ ಉಳಿದಿಲ್ಲ.

ನಾನು ನೀರ್ಮನೆಯ ಕಡತಗಳನ್ನು ಕಾಯುವವನು. ನೀರ್ಮನೆಯೆಂದರೆ ಅಣೆಕಟ್ಟೆಯ ಬಾಗಿಲುಗಳನ್ನು ಗಣಕದಿಂದ ಎತ್ತಿಳಿಸುವ ಕಟ್ಟಡ. ಆ ಗಣಕದೊಳಗಿರುವುದು ಇನ್ನೂರು ವರ್ಷ ಹಿಂದಿನ ನಿಮ್ಮ ಕಾಲದ ತಂತ್ರಾಂಶ. ನೀವು ಅದರ ವೇಗವನ್ನೂ ವಿಶ್ವಾಸಾರ್ಹತೆಯನ್ನೂ ಅಳೆದು ಪ್ರಬಂಧ ಬರೆಯುತ್ತಿದ್ದೀರಿ. ನಮಗೆ ವಿದ್ಯುತ್ತು ಬರುವುದು ದಿನಕ್ಕೆ ಮೂರೇ ತಾಸು. ಹೀಗಾಗಿ ಗಣಕವು ಪ್ರತಿದಿನವೂ ಹೊಸದಾಗಿ ಕಣ್ಣು ತೆರೆಯುತ್ತದೆ, ತೆರೆದ ಕೂಡಲೇ ಕೊಟ್ಟ ಆಣತಿಗೆ ಒಮ್ಮೆ ತಡವರಿಸುತ್ತದೆ, ಒಮ್ಮೆ ಪೂರ್ತಿ ಮಲಗಿಬಿಡುತ್ತದೆ. ಆದ್ದರಿಂದ ನಮ್ಮ ಹಿರಿಯರು ಸುಳ್ಳಾಣತಿಯ ಪದ್ಧತಿಯನ್ನು ತಂದರು. ಬಾಗಿಲಿನ ಸರಪಳಿಯನ್ನು ಕಳಚಿ, ಹತ್ತು ಸಲ ಬರಿದೇ ‘ಎತ್ತು’ ಎಂದು ಹೇಳಿ, ಅನಂತರವೇ ನಿಜವಾದ ಆಣತಿಯನ್ನು ಕೊಡುವುದು. ಒಂದೊಂದಕ್ಕೂ ಗಂಟೆ ಬಡಿಯುವುದರಿಂದ ಊರಿನವರು ಅದನ್ನೆಣಿಸಿಕೊಂಡೇ ಒಲೆ ಹೊತ್ತಿಸುತ್ತಾರೆ. ಹತ್ತೇ ಏಕೆಂದು ಯಾರೂ ಕೇಳಲಿಲ್ಲ.

ಕಳೆದ ತಿಂಗಳು ವಿದ್ಯುತ್ತೂ ಪ್ರವಾಹವೂ ಒಟ್ಟಿಗೆ ಬಂದವು. ಹತ್ತು ಸುಳ್ಳಾಣತಿಗೆ ಹೊತ್ತಿಲ್ಲದೆ ಬಾಗಿಲು ಕಾಯುವ ತಂಗೆಮ್ಮ ಮೊದಲ ಆಣತಿಯನ್ನೇ ನಿಜವಾಗಿ ಕೊಡಬೇಕಾಯಿತು, ಗಣಕ ಮಲಗಿತು. ಅವಳು ಹಾರೆ ಹಾಕಿ ಬಾಗಿಲೆತ್ತುವಷ್ಟರಲ್ಲಿ ಕೆಳಕೇರಿಯ ಹದಿನಾಲ್ಕು ಮನೆಗಳು ಮುಳುಗಿದ್ದವು, ಅವಳ ಎಡಗೈ ಸರಪಳಿಗೆ ಸಿಕ್ಕಿ ಜಜ್ಜಿಹೋಗಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತಳು. “ಮಾಸ್ತರ್ರ, ಕಾಗದಾ ಭಾಳ ಚಂದ ಜೋಡಿಸಿ ಇಟ್ಟೀರಿ. ಈ ಮಿಷಿನ್ ಎಲ್ಲಿ ಮುಗ್ಗರಸ್ತೈತಿ ಅಂತ ಅದರಾಗ ಬರದೈತೇನು? ಮುಂದಿನ ಮಳಿಗೆ ನನಗ ಒಂದ ಕೈ ಉಳದೈತಿ ನೋಡ್ರಿ.”

ಹುಡುಕಿದೆ. ನಿಮ್ಮ ಪ್ರಬಂಧದ ಉಳಿದಿರುವ ಒಂದೇ ಪ್ರತಿ ಸಿಕ್ಕಿತು. ಪದಕೋಶ ಹಿಡಿದು ಒಂಬತ್ತು ದಿನ ಓದಿದೆ. ತಂತ್ರಾಂಶವನ್ನು ಹತ್ತು ಸಾವಿರ ಸಲ ಓಡಿಸಿ ನೋಡಿದ ಓಟಗಳ ಸರಾಸರಿ, ಅಂದವಾದ ನಕ್ಷೆಗಳು, ಮಾರ್ಗದರ್ಶಕರಿಗೆ ವಂದನೆ. ನಲವತ್ತೊಂದನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ, ಯಂತ್ರ ಇನ್ನೂ ಹದಕ್ಕೆ ಬಾರದಿದ್ದ ಕಾರಣ ಮೊದಲ ಹತ್ತು ಓಟಗಳನ್ನು ಕೈಬಿಡಲಾಗಿದೆ ಎಂದಿದೆ. ತಾಯೀ, ನಾವು ಬದುಕುತ್ತಿರುವುದೇ ಆ ಹತ್ತರೊಳಗೆ! ಉಳಿದ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತನ್ನು ಕಟ್ಟಿಕೊಂಡು ನಾವೇನು ಮಾಡೋಣ?

ನಿಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆಂದು ಬಲ್ಲೆ. ನನ್ನ ಸಿಟ್ಟೂ ಅದಕ್ಕೇ. ಗಣಕವು ಯಾವ ಹಂತದಲ್ಲಿ ಎಷ್ಟು ಹೊತ್ತು ನಿಂತಿತೆಂಬುದನ್ನು ನೀವು ಅಳೆದಿರಿ, ಕಣ್ಣಾರೆ ಕಂಡಿರಿ, ಸರಾಸರಿ ಕೆಡುವುದೆಂದು ಬದಿಗೆ ತಳ್ಳಿದಿರಿ. ಆ ಒಂದು ಹಂತ ತಿಳಿದರೆ ಅದನ್ನು ದಾಟಿಸುವ ದಾರಿಯನ್ನು ನಾವೇ ಹುಡುಕಿಕೊಳ್ಳುತ್ತೇವೆ.

ಪ್ರಬಂಧವನ್ನು ಇನ್ನೂ ಒಪ್ಪಿಸಿಲ್ಲವಾದರೆ ಆ ಹತ್ತು ಸಾಲುಗಳನ್ನು ಕೊನೆಯಲ್ಲಿ ಅನುಬಂಧವಾಗಿ ಮುದ್ರಿಸಿ. ವಿವರಣೆ ಬೇಡ, ಸಮರ್ಥನೆಯೂ ಬೇಡ. ಪಂಚಾಂಗದಂತೆ ಮುಂದಿನ ಮಳೆಗೆ ಇನ್ನು ಆರು ದಿನಗಳಿವೆ. ಪ್ರತಿದಿನವೂ ತಂಗೆಮ್ಮ ಬಂದು ನಿಲ್ಲುತ್ತಾಳೆ, ಅನುಬಂಧ ಮೂಡಿದೆಯೇ ಎಂದು ನಾನು ನಿಮ್ಮ ಪ್ರಬಂಧದ ಕೊನೆಯನ್ನು ತೆರೆದು ತೋರಿಸುತ್ತೇನೆ. ಗ್ರಂಥಸೂಚಿ ಮುಗಿದ ಮೇಲೆ ಬರಿಯ ರಟ್ಟಿದೆ. ನಾಳೆಯೂ ತೆರೆಯುತ್ತೇನೆ.

ಇಂತು,
ರಾಚಪ್ಪ ಸವಡಿ