ಒಳಗಡೆಯ ಅಗುಳಿ

ಸ್ಟರ್ಲಿಂಗ್, ವರ್ಜೀನಿಯಾ
೧೦ ಆಗಸ್ಟ್ ೧೯೯೭, ಭಾನುವಾರ

ಮಗಳೇ ವೇದಾ,

ಮೊದಲು ನಿನ್ನ ತಂದೆಯ ಆಶೀರ್ವಾದ, ಬುದ್ಧಿವಾದ ಆಮೇಲೆ. ಈ ಪತ್ರವನ್ನು ನಿನ್ನ ಪತಿ ಶಶಾಂಕರ ಎದುರಿಗೇ, ಅವರ ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಮುಗಿದ ಮೇಲೆ ಅವರೂ ಓದುತ್ತಾರೆ.

ನೀನು ಈ ಮನೆ ಬಿಟ್ಟು ಮಾರಿಸ್‌ವಿಲ್‌ನಲ್ಲಿ ಗೆಳತಿ ನಮ್ರತಾಳ ಮನೆ ಸೇರಿದ್ದು ಅಳಿಯಂದಿರಿಗೆ ನೋವು ತಂದಿದೆ. ಅವರು ಅಷ್ಟು ದೂರ ಕಾರು ಓಡಿಸಿಕೊಂಡು ಬಂದರೂ ನಮ್ರತಾ ಬಾಗಿಲು ತೆರೆಯಲಿಲ್ಲವಂತೆ. ನಿನ್ನ ಪಾಸ್‌ಪೋರ್ಟ್ ಅವರ ಡ್ರಾಯರಿನಲ್ಲಿ ಭದ್ರವಾಗಿದೆ, ನನಗೂ ತೋರಿಸಿದರು. ಅದಿಲ್ಲದೆ ನೀನು ಅಟ್ಲಾಂಟಾದ ಕಾಲೇಜಿಗೆ ಸೇರುವಂತಿಲ್ಲ, ಕೊಟ್ಟುಬಿಡಿ ಎಂದು ವಿನಂತಿಸಿದೆ. “ಅವಳೇ ಬಂದು ತಗೊಳ್ಳಲಿ ಮಾವ, ನಾನೇನು ಬೇಡ ಅಂದ್ನಾ? ಲೈಫಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು” ಎಂದರು. ‘ಹೊಂದಿಕೊಳ್ಳುವುದು’ ಎಂಬ ಒಳ್ಳೆಯ ಪದವೇ ಇತ್ತು, ಇರಲಿ.

ನಿನ್ನೆ ಅವರು ನನಗೆ ವಾಷಿಂಗ್ಟನ್ನಿನಲ್ಲಿ ಒಂದು ಪ್ರದರ್ಶನ ತೋರಿಸಿದರು. ಸ್ಪೇನಿನ ರಾಜಮನೆತನದ ಹೆಣ್ಣುಮಕ್ಕಳು ಸಂನ್ಯಾಸಿನಿಯರಾಗಿ ನೆಲೆಸಿದ್ದ ಕನ್ಯಾಮಠವೊಂದರ, ಬೆಲ್ಜಿಯಂ ಕಡೆಯ ಹಳೆಯ ಫ್ಲೆಮಿಶ್ ಚಿತ್ರಗಳು. ಎಂಥ ಶುದ್ಧವಾದ ಕೆಲಸ! ಗ್ರಂಥ ಓದುತ್ತಿರುವ ಹೆಂಗಸಿನ ಉಗುರಿನ ಮೇಲೂ ಕಿಟಕಿಯ ಬೆಳಕಿದೆ. ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಬಂದ ರಾಜಕುಮಾರಿಯೊಬ್ಬಳು ತಂದ ಚಿತ್ರವದು ಎಂದು ಅಲ್ಲಿ ವಿವರಿಸುತ್ತಿದ್ದ ಮಹಿಳೆ ಹೇಳಿದರು. ಮಠದ ಹೆಬ್ಬಾಗಿಲಿನ ಅಗುಳಿ ಒಳಗಡೆ ಇತ್ತಂತೆ. ರಾಜನೇ ಬಂದರೂ ತೆರೆಯುವುದು ಒಳಗಿದ್ದವರ ಇಷ್ಟ. “ಅಲ್ಲೂ ನಮ್ರತಾನೇ ವಾಚ್‌ಮನ್ ಆಗಿದ್ಲು ಅನ್ಸುತ್ತೆ ಮಾವ” ಎಂದು ಅಳಿಯಂದಿರು ನಕ್ಕರು. ನಾನೂ ನಕ್ಕೆ.

ಆ ಚಿತ್ರಗಳ ದಪ್ಪ ಪುಸ್ತಕವನ್ನು ಅವರೇ ಕೊಡಿಸಿ, “ಕಳಿಸಿ, ನೋಡ್ಕೊಂಡು ಬುದ್ಧಿ ಬರ್ಲಿ” ಎಂದರು. ಪತ್ರದೊಡನೆ ಕಳುಹಿಸುತ್ತಿದ್ದೇನೆ. ಒಂದು ಪುಟವನ್ನೂ ಬಿಡದೆ ನೋಡು. ಹೆಣ್ಣಿಗೆ ಗಂಡನ ಮನೆಯೇ ನೆಲೆ. ಬೇಗ ಹಿಂತಿರುಗು.

ನಿನ್ನ ಹಿತವನ್ನೇ ಬಯಸುವ ತಂದೆ,
ನಂಜುಂಡಯ್ಯ

ಮರುದಿನ ಸೇರಿಸಿದ್ದು: ಅವನು ಪತ್ರ ಓದಿ, ತೃಪ್ತನಾಗಿ, ಆಫೀಸಿಗೆ ಹೋದ. ಇದನ್ನು ಅಂಚೆ ಕಚೇರಿಯ ಮುಂದೆ, ಪಕ್ಕದ ಮನೆಯ ಕೇಶವಮೂರ್ತಿಯವರ ಕಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಪ್ರದರ್ಶನದಿಂದ ಬಂದ ಮೇಲೆ ನಿಮ್ಮ ಮಲಗುವ ಕೋಣೆಯ ಬಾಗಿಲನ್ನು ಗಮನಿಸಿ ನೋಡಿದೆ. ಅಗುಳಿ ಹೊರಗಡೆ ಇದೆ. ಗ್ರಂಥ ಓದುವ ಹೆಂಗಸಿನ ಪುಟದಲ್ಲಿ ನಿನ್ನ ಪಾಸ್‌ಪೋರ್ಟ್ ಇಟ್ಟಿದ್ದೇನೆ. ಸಂಜೆ ಅವನು ಡ್ರಾಯರ್ ತೆರೆಯುವಾಗ ನಾನು ಆ ಮನೆಯಲ್ಲೇ ಇರುತ್ತೇನೆ. ನೀನು ಅಟ್ಲಾಂಟಾಕ್ಕೆ ಹೊರಡು. ಅಲ್ಲಿಯವರೆಗೆ ನಮ್ರತಾ ಯಾರಿಗೂ ಬಾಗಿಲು ತೆರೆಯದಿರಲಿ. ಅವನ ಜೊತೆ ನಾನೇ ಬಂದು ನಿಂತು, ನಿನ್ನ ಹೆಸರು ಹಿಡಿದು ಕರೆದರೂ ಸರಿಯೆ.